ಕಲಕು ನೀರಿಗೆ ಗೆಜ್ಜೆ, ತಿಳಿನೀರಿಗೆ ಮಸಿ

ಹೋದ ವಾರ ಸೊಲ್ಲಾಪುರದ ಒಂದು ಕ್ರೀಡಾ ಸಾಮಾನಿನ ಅಂಗಡಿಗೆ ಹೋಗಿದ್ದೆ. ನನಗೆ ಬೇಕಾಗಿದ್ದದ್ದು ಬೆಳಗಿನ ಅಡ್ಡಾಟಕ್ಕೆ ಒಂದು ಜೊತೆ ಬೂಟು. ಮೊಣಕಾಲು ಸವೆದ ಮೇಲೆ ಮೆತ್ತನೆಯ ಬೂಟು ಹುಡುಕಿಕೊಂಡು ಊರೂರು ಅಲೆಯುವುದು ನನ್ನ ವಯಸ್ಸಿನವರ ಹೊಸ ಚಟ. ಅಲೆದು ಅಲೆದು ಉಳಿದ ಮೊಣಕಾಲೂ ಸವೆಯುತ್ತದೆ ಎಂಬುದು ಬೇರೆ ಮಾತು. ಅಂಗಡಿಯವನು ಬೂಟು ತರಲು ಒಳಗೆ ಹೋದಾಗ ನಾನು ಗಾಜಿನ ಪೆಟ್ಟಿಗೆಯೊಂದನ್ನು ನೋಡುತ್ತ ನಿಂತೆ. ಅದರಲ್ಲಿ ಬೆರಳುದ್ದದ ಮೀನುಗಳು, ರಬ್ಬರಿನ ಕಪ್ಪೆಗಳು, ಬಾಲಕ್ಕೆ ಪುಕ್ಕ ಕಟ್ಟಿದ ತಗಡಿನ ತುಂಡುಗಳು. ಎಲ್ಲದರ ಹೊಟ್ಟೆಯ ಕೆಳಗೂ ಗಾಳ.

ಅಂಗಡಿಯವನು ಚಡಚಣದ ಕಡೆಯವನು. ಮರಾಠಿಯಲ್ಲಿ ಶುರು ಮಾಡಿ, ನನ್ನ ಮುಖ ನೋಡಿ ಕನ್ನಡಕ್ಕೆ ಬಂದ.

"ಅವು ಮೀನಾ ಹಿಡಿಯೂ ಸಾಮಾನ್ರೀ ಅಜ್ಜಾರ. ಇದು ರಾಡಿ ನೀರಿಗೆ, ಇದು ತಿಳಿನೀರಿಗೆ. ಇದನ್ನ ಅಲ್ಲಾಡ್ಸಿ ನೋಡ್ರಿ, ಹೊಟ್ಟ್ಯಾಗ ಗುಂಡ ಅದಾವ, ಸಪ್ಪಳ ಮಾಡ್ತೈತಿ."

ನಾನು ಅಲ್ಲಾಡಿಸಿದೆ. ಸದ್ದು ಬಂತು. ನನ್ನ ಮುಖದಲ್ಲಿ ಏನು ಕಂಡನೋ, "ಪುಣೆ ಮಂದಿ ತಗೋತಾರ್ರಿ ಇವನ್ನ" ಎಂದು ನಕ್ಕ. "ನಮ್ಮ ಕಡೆ ಯಾರಿಗೆ ಬೇಕ್ರಿ? ಒಂದು ತ್ವಾಟಾ ಒಗದ್ರ ಮುಗೀತು. ಚೀಲ ತುಂಬ ಮೀನ!"

ತೋಟಾ ಎಂದರೆ ಬಾವಿ ತೋಡುವಾಗ ಬಂಡೆ ಸಿಡಿಸಲು ಇಡುವ ಮದ್ದಿನ ಕಡ್ಡಿ. ಅದಕ್ಕೆ ಬತ್ತಿ ಹಚ್ಚಿ ಹೊಳೆಗೆ ಎಸೆದರೆ ಮೀನು ಸತ್ತು ಮೇಲೆ ತೇಲುತ್ತವೆ. ಅವನು ಹೇಳಿದ್ದು ಇಷ್ಟೇ. ಹೇಳಿ, ನನ್ನ ಕಾಲಳತೆಯ ಡಬ್ಬಿ ತೆಗೆಯತೊಡಗಿದ. ಆ ಸಪ್ಪಳದ ಮೀನನ್ನು ಗಾಜಿನ ಮೇಲೆ ಇಡಲು ಹೋದರೆ ಅದು ಟಕಟಕ ಎಂದಿತು.

ನೀವೂ ನನ್ನ ಜೊತೆ ಸ್ವಲ್ಪ ಕುಳಿತುಕೊಳ್ಳಿ. ಆ ಅಂಗಡಿಯಲ್ಲಿ ಗಿರಾಕಿಗಳಿಗೆಂದು ಒಂದು ಬೆಂಚು ಇತ್ತು, ನಾನೂ ಕುಳಿತೆ.

ಎಪ್ಪತ್ತರ ದಶಕದ ನಡುವಿನ ಮಾತು. ಇಂಡಿ ಊರಿನ ನಮ್ಮ ಮನೆಯಿಂದ ಹೊರಟು, ಬಿಜಾಪುರದಲ್ಲಿ ಬಿ.ಎಸ್ಸಿ. ಮುಗಿಸಿ, ಕೆಲಸವಿಲ್ಲದೆ ಕುಳಿತಿದ್ದ ನನ್ನನ್ನು ಅಪ್ಪ ಮುದ್ದೇಬಿಹಾಳಕ್ಕೆ, ತನ್ನ ತಮ್ಮನ ಮನೆಗೆ ಕಳಿಸಿದ. ಮನೆಯಲ್ಲಿ ಕುಳಿತು ತಿನ್ನುವವನು ಬೇರೆಯವರ ಮನೆಯಲ್ಲಿ ಕುಳಿತು ತಿಂದರೆ ನಾಚಿಕೆ ಬಂದು ಕೆಲಸ ಹುಡುಕುತ್ತಾನೆ ಎಂಬುದು ಅಪ್ಪನ ಲೆಕ್ಕ. ಲೆಕ್ಕ ತಪ್ಪಿತ್ತು. ಗುರುಪಾದ ಕಾಕಾನ ಮನೆಯಲ್ಲಿ ನನಗೆ ನಾಚಿಕೆ ಬರುವಂಥ ವಾತಾವರಣವೇ ಇರಲಿಲ್ಲ. ಕಾಕಾ ಅಲ್ಲಿನ ಸಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಎತ್ತದ ಅವನ ಹೆಂಡತಿ, ನನ್ನ ಕಾಕು. ರವಿವಾರ ಬಂತೆಂದರೆ ಕಾಕಾ ಡ್ರಾಯಿಂಗ್ ಹಲಗೆ ಬಗಲಲ್ಲಿ ಹಿಡಿದು, ಸೈಕಲ್ ಹತ್ತಿ, ಕೃಷ್ಣೆಯ ದಂಡೆಗೆ ನಿಸರ್ಗದ ಚಿತ್ರ ಬರೆಯಲು ಹೋಗುತ್ತಿದ್ದ. ಊರವರಿಗೆಲ್ಲ ಅದು ಗೊತ್ತು, ಊರವರಿಗೆಲ್ಲ ಅದರ ಬಗ್ಗೆ ಹೆಮ್ಮೆ.

ಪಡಸಾಲೆಯ ಗೋಡೆಯ ತುಂಬ ಒಂದೇ ಬಂಡೆ, ಒಂದೇ ಮಡು, ಒಂದೇ ಜಾಲಿಗಿಡ. ನೀರಿನ ಬಣ್ಣ ಮಾತ್ರ ಬೇರೆ ಬೇರೆ. ಕಾಕಾನ ಪ್ರತಿಭೆ ಸಣ್ಣದೆಂದು ಮೊದಲ ವಾರ ನಾನು ತೀರ್ಮಾನಿಸಿದ್ದೆ. ಎರಡನೆಯ ರವಿವಾರ ಅವನ ಹಿಂದೆ ಸೈಕಲ್ ಮೇಲೆ ಕುಳಿತು ಹೋದಾಗ ಗೊತ್ತಾಯಿತು, ಕಾಕಾ ಅರ್ಧ ಗಂಟೆಯಲ್ಲಿ ಚಿತ್ರ ಮುಗಿಸಿ ಉಳಿದ ಹೊತ್ತೆಲ್ಲ ಮೀನು ಹಿಡಿಯುತ್ತಾನೆ.

"ಮನ್ಯಾಗ ಹೇಳಬ್ಯಾಡ ತಮ್ಮಾ" ಎಂದ. ಹೇಳಲಿಲ್ಲ. ಹೇಳಿದರೆ ನಂಬುವವರೂ ಇರಲಿಲ್ಲ.

ಹಿಡಿದ ಮೀನನ್ನು ತಿನ್ನುತ್ತಿರಲಿಲ್ಲ. ಅದು ಹೊಳೆದಂಡೆಯ ಅಂಬಿಗರ ಯಲ್ಲವ್ವನ ಮನೆಗೆ ಹೋಗುತ್ತಿತ್ತು. ಇನ್ನೂ ಸೋಜಿಗವೆಂದರೆ ಕಾಕಾ ಗಾಳಕ್ಕೆ ಎರೆಹುಳ ಚುಚ್ಚುತ್ತಿರಲಿಲ್ಲ, ಕಪ್ಪೆ ಕಟ್ಟುತ್ತಿರಲಿಲ್ಲ. ಬಡಪಾಯಿ ಹುಳಕ್ಕೆ ನೋವು ಕೊಡುವುದು ಪಾಪ ಎನ್ನುತ್ತಿದ್ದ. ಮೀನಿಗೆ ನೋವಾಗುವುದಿಲ್ಲವೇ ಎಂದು ನಾನು ಕಾಲೇಜಿನ ಜಾಣತನ ತೋರಿಸಿದೆ.

"ಮೀನ ತಾನಾಗಿ ಬಾಯಿ ಹಾಕತೈತಿ. ಹುಳಾ ತಾನಾಗಿ ಬಂದು ಗಾಳಾ ಏರತೈತೇನು?"

ಈ ವಾದಕ್ಕೆ ನಾನು ಪ್ರತಿಸಲವೂ ತಲೆಯಾಡಿಸುತ್ತಿದ್ದೆ. ವಾದ ಸರಿಯೆಂದಲ್ಲ. ಅದನ್ನು ಹೇಳುವಾಗ ಕಾಕಾನ ಮುಖ ಅಷ್ಟು ಗಂಭೀರವಾಗಿರುತ್ತಿತ್ತು.

ಹೀಗೆ ಜೀವವಿರುವ ತುತ್ತನ್ನು ಬಿಟ್ಟವನಿಗೆ ಜೀವವಿಲ್ಲದ ತುತ್ತನ್ನು ಜೀವವಿದ್ದಂತೆ ಆಡಿಸದೆ ಗತಿಯಿರಲಿಲ್ಲ. ಬಾಳೆಮೀನು ಎಂಬ ಅಗಲ ಬಾಯಿಯ, ಮೀಸೆಯ ಹೊಟ್ಟೆಬಾಕ ನಮ್ಮ ಹೊಳೆಯಲ್ಲಿದೆ. ಅದು ಓಡುವ ತುತ್ತಿನ ಬೆನ್ನು ಹತ್ತುತ್ತದೆ. ಅದಕ್ಕಾಗಿ ಕಾಕಾ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ, ಸುತ್ತಿಗೆಯಿಂದ ತಟ್ಟಿ, ಒಂದು ಕಡೆ ಬಾಗಿಸಿ ಮೀನು ಮಾಡುತ್ತಿದ್ದ. ಜೋಳದ ದಂಟಿನ ಬೆಂಡನ್ನು ಕೆತ್ತಿ, ಕಾಕುವಿನ ಹಳೆಯ ಹಸಿರು ಕುಪ್ಪಸದ ಅರಿವೆ ಸುತ್ತಿ ಕಪ್ಪೆ ಮಾಡುತ್ತಿದ್ದ. ಕಾಕುವಿನ ಹಿತ್ತಾಳೆ ಚಮಚೆಗಳು ಒಂದೊಂದಾಗಿ ಕಳೆದುಹೋಗುತ್ತಿದ್ದವು. ಕೆಲಸದವಳ ಮೇಲೆ ಸಂಶಯ ಬರಬಾರದೆಂದು ಕಾಕಾ ತಾನೇ ಕಾಗೆಗಳ ಬಗ್ಗೆ ದೂರು ಹೇಳುತ್ತಿದ್ದ. "ಅದ್ಯಾವ ಊರಿನ ಕಾಗಿ, ಚಮಚಾದಾಗ ಉಣ್ಣಾಕ!" ಎಂದು ಕಾಕು ಬೈದದ್ದು ನನಗೆ ನೆನಪಿದೆ. ಅವಳಿಗೆ ಎಲ್ಲ ಗೊತ್ತಿತ್ತೇನೋ ಎಂದು ನನಗೆ ಆಗಲೇ ಸಂಶಯ ಬಂದಿತ್ತು.

ಯಾವ ನೀರಿಗೆ ಯಾವ ಮೀನು ಎಂಬುದರಲ್ಲಿ ಕಾಕಾ ಬಹಳ ಹಟಮಾರಿ. ದಂಡೆಗೆ ಬಂದವನೇ ಗಾಳ ಬಿಚ್ಚುತ್ತಿರಲಿಲ್ಲ. ಮೊದಲು ಚಿತ್ರ ಬರೆಯಬೇಕು. ಅವನ ಪ್ರಕಾರ, ನೀರಿಗೆ ಯಾವ ಬಣ್ಣ ಕಲಸಬೇಕೆಂದು ಗೊತ್ತಾದವನಿಗೆ ಯಾವ ತಗಡು ಬಿಡಬೇಕೆಂಬುದೂ ಗೊತ್ತಾಗುತ್ತದೆ. ಮಳೆಗಾಲದ ಕೆಂಪು ನೀರಿಗೆ ಕಪ್ಪು ಬಳಿದ ದೊಡ್ಡ ತಗಡು, ಅದರ ಬಾಲಕ್ಕೆ ಕೂಸಿನ ಕಾಲ್ಗೆಜ್ಜೆಯ ಒಂದು ಗುಂಡು. ಸಂಕ್ರಾಂತಿಯ ಹೊತ್ತಿಗೆ ನೀರು ತಿಳಿಯಾಗಿ ತಳದ ಹರಳು ಕಾಣುವಾಗ ಅದೇ ತಗಡು ಬಿಟ್ಟರೆ ಮೀನು ಹೆದರಿ ಊರು ಬಿಡುತ್ತದೆ. ಆಗ ಬೆರಳುಗುರಿನಷ್ಟು ಸಣ್ಣದು ಬೇಕು, ಅದರ ಹೊಳಪನ್ನೂ ದೀಪದ ಮಸಿ ಹಿಡಿದು ಕೊಲ್ಲಬೇಕು. ಮೋಡ ಕವಿದ ದಿನ ಮಾತ್ರ ಹಿತ್ತಾಳೆ. ಬೇಸಿಗೆಯಲ್ಲಿ ಹೊಳೆ ಒಣಗಿ ಮಡುಗಳಷ್ಟೇ ಉಳಿದಾಗ, ಬಿಸಿಲೇರುವ ಮುಂಚೆ ಪಾಚಿಯ ಅಂಚಿಗೆ ಬೆಂಡಿನ ಕಪ್ಪೆ ತೇಲಿಬಿಡಬೇಕು. ಗಾಳಿ ಬೀಸಿದರೆ ಏನು ಎಂದು ಕೇಳಿದೆ. "ಗಾಳಿ ಬೀಸಿದ್ರ ಮನೀಗೆ ಹೋಗಬೇಕು. ಹಲಗಿ ಹಾರತೈತಿ."

ಒಮ್ಮೆ ಆ ಗೆಜ್ಜೆಯ ಬಗ್ಗೆ ಕೇಳಿದ್ದೆ. ಮೀನಿಗೆ ಕಿವಿಯೆಲ್ಲಿದೆ, ಗೆಜ್ಜೆ ಯಾಕೆ?

"ರಾಡಿ ನೀರಾಗ ಕಣ್ಣ ನಡ್ಯಂಗಿಲ್ಲ ತಮ್ಮಾ. ಮೀನ ಮೈಲೇ ಕೇಳತೈತಿ. ನೀರಾಗಿನ ಸಪ್ಪಳ ಕಿವೀಗಲ್ಲ, ಮೈಗೆ ಬಡೀತೈತಿ."

ಯಲ್ಲವ್ವ ಅಲ್ಲೇ ಬಲೆ ಒಣಹಾಕುತ್ತಿದ್ದವಳು, "ಮಾಸ್ತರ, ಸೇರು ಅಕ್ಕಿ ಸುರಿದರೂ ಬರದ ಮೀನ ನಿಮ್ಮ ತಗಡಿಗೆ ಬರತೈತಿ ಅಂದ್ರ ಆ ಮೀನಿಗೆ ಬುದ್ಧಿ ಇಲ್ರಿ" ಎಂದಳು.

"ಬುದ್ಧಿ ಇದ್ದ ಮೀನ ನಿನ್ನ ಗಡಿಗ್ಯಾಗ ಯಾಕ ಬೀಳ್ತಾವ ಯಲ್ಲವ್ವ?"

"ಬುದ್ಧಿ ಇದ್ದ ಮಾಸ್ತರ ಹಿಡಿದು ಕೊಡ್ತಾರಲ್ರಿ, ಅದಕ್ಕ."

ಇಷ್ಟು ಹೊತ್ತು ನಾನು ನಗುತ್ತ ಬರೆದೆ. ಇನ್ನು ನಗು ಬರುವುದಿಲ್ಲ.

ಮಡುವಿನ ಮೇಲಿನ ದಂಡೆಗೆ ಒಬ್ಬ ದೊಡ್ಡ ಒಕ್ಕಲುತನದ ಗೌಡರ ಹೊಲ. ಆ ಬೇಸಿಗೆ ಅಲ್ಲಿ ಬಾವಿ ತೋಡುತ್ತಿದ್ದರು. ಬಂಡೆ ಸಿಡಿಸುವ ಗುಂಪಿನ ಒಂದು ಕಟ್ಟುಪಾಡು ನಮ್ಮ ಸೀಮೆಯವರಿಗೆಲ್ಲ ಗೊತ್ತು. ಬತ್ತಿಗೆ ಬೆಂಕಿಕಡ್ಡಿ ಗೀರುವ ಮುಂಚೆ ಒಬ್ಬನು ಮಣ್ಣಿನ ದಿಬ್ಬ ಹತ್ತಿ, ಕೆಂಪು ಅರಿವೆ ಬೀಸಿ, "ಹಾರತೈತಿ, ಸರೀರೋ!" ಎಂದು ನಾಲ್ಕು ದಿಕ್ಕಿಗೂ ಕೂಗಬೇಕು. ಆ ಕೂಗು ಕೇಳಿದರೆ ಹೊಲದಲ್ಲಿದ್ದವರು ಬದುವಿನ ಮರೆ ಸೇರುತ್ತಾರೆ. ಹೊಳೆಯಲ್ಲಿದ್ದವರು ಮೇಲೆ ಬರುವುದಿಲ್ಲ, ಕುತ್ತಿಗೆಯವರೆಗೆ ಮುಳುಗುತ್ತಾರೆ. ಅರಿವೆ ಒಗೆಯುವ ಹೆಂಗಸರು ತಲೆಯ ಮೇಲೆ ಕೊಡ ಬೋರಲು ಹಾಕಿಕೊಂಡು ನೀರಿನಲ್ಲಿ ಕುಳಿತಿರುವುದನ್ನು ನಾನೇ ನೋಡಿದ್ದೇನೆ. ಹಾರಿ ಬರುವ ಕಲ್ಲು ನೀರಿಗೆ ಬಿದ್ದರೆ ಜೋರು ಕಳೆದುಕೊಳ್ಳುತ್ತದೆ, ತಲೆಗೆ ಕೊಡವಿದೆ. ಸದ್ದು ಮುಗಿದ ಮೇಲೆ ಎದ್ದು ಮತ್ತೆ ಅರಿವೆ ಒಗೆಯುತ್ತಾರೆ. ಸಣ್ಣ ಕೂಸಿಗೂ ಕಲಿಸಿದ ಪಾಠ ಅದು: ಕೂಗು ಕೇಳಿದರೆ ನೀರಿಗೆ ಇಳಿ.

ಅವತ್ತು ರವಿವಾರ, ಬಿಸಿಲು ಇನ್ನೂ ಏರಿರಲಿಲ್ಲ. ಕಾಕಾ ಮಡುವಿನಲ್ಲಿ ಸೊಂಟಮಟ್ಟ ನೀರಿಗಿಳಿದು, ದೊಡ್ಡ ಬಂಡೆಯ ಪಕ್ಕ ನಿಂತು ಬೆಂಡಿನ ಕಪ್ಪೆ ಆಡಿಸುತ್ತಿದ್ದ. ಡ್ರಾಯಿಂಗ್ ಹಲಗೆ ಬಂಡೆಯ ಮೇಲಿತ್ತು. ನಾನು ದಂಡೆಯ ಎತ್ತರದಲ್ಲಿ, ಜಾಲಿಯ ನೆರಳಿನಲ್ಲಿ. ನನಗೆ ಬಾವಿಯೂ ಕಾಣುತ್ತಿತ್ತು, ಮಡುವೂ ಕಾಣುತ್ತಿತ್ತು. ಎರಡೂ ಕಂಡದ್ದು ನಾನೊಬ್ಬನೇ.

ದಿಬ್ಬದ ಮೇಲೆ ಗುಂಪಿನ ಮೇಸ್ತ್ರಿ, ಮುಕಾದಮ, ಕೆಂಪು ಅರಿವೆ ಬೀಸಿದ. "ಹಾರತೈತಿ, ಸರೀರೋ!"

ಕಾಕಾ ಕಲಿತ ಪಾಠ ಮಾಡಿದ. ಹಲಗೆಯನ್ನು ಎಳೆದುಕೊಂಡು ತಲೆಯ ಮೇಲೆ ಹಿಡಿದು ಕುತ್ತಿಗೆಯವರೆಗೆ ಮುಳುಗಿ ಕುಳಿತ. ನಾನೂ ತಲೆ ತಗ್ಗಿಸಬೇಕೆನ್ನುವಷ್ಟರಲ್ಲಿ ನೋಡಿದೆ, ಬಾವಿಯ ಹತ್ತಿರ ಯಾರೂ ಓಡುತ್ತಿಲ್ಲ. ಬಾವಿಗೆ ಬತ್ತಿ ಹಚ್ಚಿದವರು ಓಡಬೇಕು. ಅವರು ಕೈಕಟ್ಟಿ ನಿಂತಿದ್ದಾರೆ. ಇನ್ನೊಬ್ಬನು ಮಾತ್ರ ಕೈಯಲ್ಲಿ ಹೊಗೆಯಾಡುವ ಏನನ್ನೋ ಹಿಡಿದು ಮಡುವಿನ ಆ ತುದಿಗೆ ಇಳಿಯುತ್ತಿದ್ದಾನೆ. ಬಂಡೆಯ ಮರೆಗಿದ್ದ ಕಾಕಾ ಅವನಿಗೆ ಕಾಣುವುದಿಲ್ಲ.

"ಕಾಕಾ, ಮ್ಯಾಲೆ ಬರ್ರಿ! ನೀರಾಗ ಒಗ್ಯಾಕತ್ತಾರ! ಮ್ಯಾಲೆ ಬರ್ರಿ!"

ಹಲಗೆಯ ಕೆಳಗಿಂದ ಕಾಕಾ ನನ್ನನ್ನು ನೋಡಿದ. ಸಿಟ್ಟಿನಿಂದ ಕೈ ಬೀಸಿದ. "ಕುಂದ್ರೋ! ಕಲ್ಲ ಬರ್ತಾವ! ಕುಂದ್ರು!" ಎಂದವನೇ ಕಿವಿ ಮುಳುಗುವಷ್ಟು ತಗ್ಗಿದ.

ಈ ಎರಡು ಕೂಗುಗಳ ನಡುವಿನ ಹೊತ್ತಿನಲ್ಲಿ ನಾನು ಎಷ್ಟೋ ವರ್ಷ ಬದುಕಿದ್ದೇನೆ. ನನ್ನನ್ನು ಉಳಿಸಲು ಅವನು ಕೂಗುತ್ತಿದ್ದಾನೆ, ಅವನನ್ನು ಉಳಿಸಲು ನಾನು. ಕನಸಿನಲ್ಲಿ ಬೇರೆ ಬೇರೆ ಮಾತು ಕೂಗಿ ನೋಡಿದ್ದೇನೆ. ಯಾವ ಮಾತಿಗೂ ಅವನು ಎದ್ದು ಬರಲಿಲ್ಲ. ಯಾಕೆ ಬರಬೇಕು? ಊರಿಗೆ ಊರೇ ನಂಬಿದ ಕೂಗು ಆ ಕಡೆಯಿಂದ ಬಂದಿತ್ತು.

ಬಾವಿಯ ಸದ್ದು ಆಕಾಶಕ್ಕೆ ಏರುತ್ತದೆ. ಇದು ಏರಲಿಲ್ಲ. ನೆಲದೊಳಗೆ ಜೋಳ ತುಂಬಿಡುವ ಹಗೇವಿನ ಮುಚ್ಚಳವನ್ನು ಒಳಗಿಂದ ಯಾರೋ ಒದ್ದಂತೆ ಒಂದು ಮಂದ ಹೊಡೆತ. ಮಡುವಿನ ಆ ತುದಿ ಉಬ್ಬಿ, ಬಿಳಿಚಿ, ಕುಸಿಯಿತು. ನಾನು ಕೂತಲ್ಲಿನ ಕಲ್ಲು ಅದುರಿತು. ಹಲಗೆ ತೇಲಿತು. ಹಲಗೆಯ ಕೆಳಗೆ ಯಾರೂ ಇರಲಿಲ್ಲ.

ಸದ್ದಿಗೆ ದಂಡೆಯ ತನ್ನ ಮನೆಯಿಂದ ಓಡಿಬಂದ ಯಲ್ಲವ್ವ ನನಗಿಂತ ಮೊದಲು ನೀರಿಗೆ ಬಿದ್ದಿದ್ದಳು. ಇಬ್ಬರೂ ಸೇರಿ ಎಳೆದು ತಂದಾಗ ಕಾಕಾನ ಎರಡೂ ಕಿವಿಗಳಿಂದ ರಕ್ತ. ಕೆಮ್ಮಿದರೆ ಬಾಯಿಂದಲೂ ರಕ್ತ. ಸುತ್ತ ಬೆಳ್ಳಗೆ ಹೊಟ್ಟೆ ಮೇಲಾಗಿ ತೇಲುವ ಮೀನು, ದೊಡ್ಡವು, ಮರಿಗಳು, ಯಾರಿಗೂ ಬೇಡದ ಪುಡಿ ಮೀನುಗಳು. ಆ ಗುಂಪಿನವರು ಚೀಲ ಹಿಡಿದು ನೀರಿಗಿಳಿದವರು ನಮ್ಮನ್ನು ಕಂಡು ನಿಂತರು. ಮುಕಾದಮ ಹೇಳಿದ ಮಾತು ಕೇಳಿ:

"ನಾವು ಕೂಗೀವಲ್ರಿ? ಕೂಗಿಲ್ಲೇನು?"

ಕೂಗಿದ್ದರು. ಅದೇ ನನ್ನ ಹೊಟ್ಟೆಯಲ್ಲಿ ಇನ್ನೂ ಉರಿಯುವುದು. ಸುಮ್ಮನೆ ಕದ್ದು ಎಸೆದಿದ್ದರೆ ಕಾಕಾ ಸೊಂಟಮಟ್ಟ ನೀರಿನಲ್ಲಿ ನಿಂತಿರುತ್ತಿದ್ದ, ಇಷ್ಟು ಪೆಟ್ಟಾಗುತ್ತಿರಲಿಲ್ಲ. ಆದರೆ ಹೊಳೆಗೆ ತೋಟಾ ಹಾಕಿದರೆ ಅಂಬಿಗರು ಜಗಳಕ್ಕೆ ಬರುತ್ತಾರೆ. ಸದ್ದು ಬಾವಿಯದೆಂದು ಎಲ್ಲರೂ ತಿಳಿಯಲಿ ಎಂದು ಅವರು ಬಾವಿಯ ಕೂಗು ಕೂಗಿದರು. ಜೀವ ಉಳಿಸಲಿಕ್ಕೆಂದು ಅಜ್ಜ ಮುತ್ತಜ್ಜರ ಕಾಲದಿಂದ ಇದ್ದ ಒಂದು ಕೂಗನ್ನು ಮೀನು ಕದಿಯಲು ಪರದೆಯ ಹಾಗೆ ಎಳೆದುಕೊಂಡರು. ನೀರಿನ ಸಪ್ಪಳ ಮೈಗೆ ಬಡಿಯುತ್ತದೆಂದು ನನಗೆ ಕಲಿಸಿದ ಮನುಷ್ಯನನ್ನು ಆ ಕೂಗೇ ನೀರಿನಲ್ಲಿ ಕೂರಿಸಿತು.

ಬಸವನ ಬಾಗೇವಾಡಿಯ ಡಾಕ್ಟರರ ಹತ್ತಿರ ಒಯ್ದೆವು. ಜೀವಕ್ಕೆ ಅಪಾಯವಿಲ್ಲ, ಕಿವಿಯ ಮಾತು ಈಗಲೇ ಹೇಳಲಾಗದು ಎಂದರು. ಕಾಕಾ ಮನೆಗೆ ಬಂದ. ಅವನಿಗೆ ಏನೂ ಕೇಳುತ್ತಿರಲಿಲ್ಲ. ಕಾಕು ಕಿವಿಗೆ ಬಾಯಿಟ್ಟು ಕಿರುಚಿದರೆ ಅಷ್ಟಿಷ್ಟು.

ಒಂದು ಸಂಜೆ ಹೊಲದ ಗೌಡರು ಬಂದರು. ಜೊತೆಗೆ ಸಾಲೆಯ ಕಮಿಟಿಯ ಒಬ್ಬ ಹಿರಿಯರು. ಚಹಾ ಕುಡಿದು, ಗೋಡೆಯ ಚಿತ್ರಗಳನ್ನು ಹೊಗಳಿ, ಗೌಡರು ಸಾವಕಾಶವಾಗಿ ವಿಷಯಕ್ಕೆ ಬಂದರು.

"ಭಾವಿ ಹಾರಿತು, ನೆಲ ನಡುಗಿತು, ಮಾಸ್ತರರಿಗೆ ನೀರಾಗ ಪೆಟ್ಟಾತು. ದೈವ. ನಾಳೆ ಪೊಲೀಸ ಫೌಜದಾರ ಬರ್ತಾನ. ಹಂಗ ಹೇಳಿದ್ರ ಮುಗೀತು."

"ಭಾವಿ ಹಾರಿಲ್ರಿ. ತ್ವಾಟಾ ಹೊಳೀಗೆ ಒಗದಾರ. ನಾ ನೋಡೇನಿ" ಎಂದೆ ನಾನು.

ಗೌಡರು ನನ್ನ ಕಡೆ ತಿರುಗಲಿಲ್ಲ. ಕಾಕುವಿಗೆ ಹೇಳಿದರು. "ತಂಗೀ, ಹೊಳೀಗೆ ಒಗದಾರ ಅಂದ್ರ, ಮಾಸ್ತರ ಅಲ್ಲಿ ಏನು ಮಾಡಾಕತ್ತಿದ್ರು ಅಂತ ಫೌಜದಾರ ಕೇಳ್ತಾನ. ನಮ್ಮ ಮಂದಿಗೆ ಆ ಬಂಡೆಗಲ್ಲಿನ ಹತ್ರ ಏನೇನೋ ಸಿಕ್ಕೈತಿ. ಬೆಂಡಿನ ಕಪ್ಪಿ, ಗಾಳಾ. ಕೊರಳಾಗ ಲಿಂಗ ಇದ್ದ ಮನಷಾ, ಕೈಯಾಗ ಗಾಳಾ. ನನಗ ಹೇಳಾಕ ನಾಚಿಕಿ."

ಕಮಿಟಿಯ ಹಿರಿಯರು ನೆಲ ನೋಡುತ್ತಿದ್ದರು. "ಸಾಲ್ಯಾಗ ಗೊತ್ತಾದ್ರ ನಮಗೂ ಕಷ್ಟ ಆಗತೈತಿ" ಎಂದರು.

ನೋಡಿ, ಹೇಗೆ ತಿರುಗಿತು ಮಾತು. ಮದ್ದು ಎಸೆದವರು ಎಲ್ಲಿದ್ದಾರೆಂದು ಯಾರೂ ಕೇಳಲಿಲ್ಲ. ಕಿವಿ ಒಡೆದವನು ಯಾಕೆ ಅಲ್ಲಿದ್ದ ಎಂಬುದೇ ದೊಡ್ಡ ಪ್ರಶ್ನೆಯಾಯಿತು. ಕಾಕಾನಿಗೆ ಇದ್ಯಾವುದೂ ಕೇಳಿರಲಿಲ್ಲ, ಮುಖ ಮುಖ ನೋಡುತ್ತಿದ್ದ. ಕಾಕು ಎದ್ದು ಹೋಗಿ ಅವನ ಕಿವಿಗೆ ಬಾಯಿಟ್ಟಳು. ಗೌಡರ ಮಾತನ್ನು ಇದ್ದದ್ದು ಇದ್ದ ಹಾಗೆ, ಕಪ್ಪೆ ಗಾಳಗಳನ್ನೂ ಬಿಡದೆ ಹೇಳಿದಳು. ಕೊನೆಗೆ ತನ್ನದೊಂದು ಮಾತು ಸೇರಿಸಿದಳು: "ಚಮಚಾದ್ದು ನನಗ ಮೊದಲ ಗೊತ್ತೈತಿ. ನೀವು ನಿಮಗ ಖರೆ ಅನಿಸಿದ್ದು ಹೇಳ್ರಿ."

ಕಾಕಾ ಗೋಡೆಯ ಚಿತ್ರಗಳ ಕಡೆ ಒಮ್ಮೆ ನೋಡಿದ. ಆಮೇಲೆ ಮಾತಾಡಿದ. ಕಿವಿ ಕೇಳದವನಿಗೆ ತನ್ನ ದನಿಯ ಅಳತೆ ಸಿಗುವುದಿಲ್ಲ. ಪಡಸಾಲೆಯಲ್ಲಿ ಕುಳಿತ ನಾಲ್ಕು ಜನರಿಗೆ ಹೇಳಬೇಕಾದ ಮಾತನ್ನು ಅವನು ಇಡೀ ಓಣಿಗೆ ಹೇಳಿದ.

"ನಾ ಮೀನಾ ಹಿಡ್ಯಾಕ ಹೋಗಿದ್ದೆ! ಪ್ರತೀ ರವಿವಾರ ಹೋಗ್ತೇನಿ! ಚಿತ್ರಾ ಸುಳ್ಳ, ಮೀನಾ ಖರೆ!"

ಎದುರು ಮನೆಯ ಬಾಗಿಲು ತೆರೆಯಿತು. ಗೌಡರು ಕೈಸನ್ನೆ ಮಾಡಿದರು, ಸಾವಕಾಶ, ಸಾವಕಾಶ. ಕಾಕಾ ಅದನ್ನು ಮಾತು ಮುಂದುವರಿಸಲು ಕೊಟ್ಟ ಅಪ್ಪಣೆಯೆಂದೇ ತಿಳಿದನೇನೋ.

"ಗೌಡ್ರ! ನಿಮ್ಮ ಮಂದಿ ಸುಳ್ಳ ಕೂಗ್ಯಾರ! ನಾಳೆ ಅದ ಕೂಗ ಕೇಳಿ ಹೆಣಮಕ್ಕಳು ಕೊಡಾ ಹೊತ್ತು ನೀರಾಗ ಕುಂದರ್ತಾರ! ಅವರೇನು ಗಾಳಾ ಹಿಡಕೊಂಡು ಕುಂತಿರ್ತಾರ? ಅವರಿಗೇನು ಹೇಳ್ತೀರಿ? ನನ್ನ ಹೆಸರ ಹೋದ್ರ ಹೋಗ್ಲಿ, ಬರ್ಕೊಳ್ರಿ, ಗುರುಪಾದ ಮಾಸ್ತರ ಮೀನಾ ಹಿಡೀತಾನ!"

ಓಣಿಯಲ್ಲಿ ಜನ ಸೇರಿದ್ದರು. ಗೌಡರು ಚಪ್ಪಲಿ ಹುಡುಕುತ್ತಿದ್ದರು.

ಮರುದಿನ ಫೌಜದಾರರ ಮುಂದೆಯೂ ಅದೇ ದನಿಯಲ್ಲಿ ಅದನ್ನೇ ಹೇಳಿದ. ಅವರು ಏನೋ ಬರೆದುಕೊಂಡು ಹೋದರು, ಏನೂ ಆಗಲಿಲ್ಲ. ಆದದ್ದು ಅಂಬಿಗರಿಂದ. ಅವರ ಗಂಡಸರು, ಹೆಂಗಸರು ಬಾವಿಯ ದಿಬ್ಬದ ಮೇಲೆ ಹೋಗಿ ಕುಳಿತುಬಿಟ್ಟರು, ಆ ಗುಂಪು ಊರು ಬಿಡುವವರೆಗೂ ಏಳಲಿಲ್ಲ. ಗುಂಪು ಸಿಂದಗಿ ಕಡೆ ಬೇರೆ ಬಾವಿಗೆ ಹೋಯಿತಂತೆ. ಅಲ್ಲಿಯ ಹೊಳೆ ಹಳ್ಳಗಳಲ್ಲಿ ಯಾರು ನೀರಿಗಿಳಿದು ಕುಳಿತರೋ, ಕೇಳಿದವರಿಲ್ಲ.

ಕಾಕಾನ ಒಂದು ಕಿವಿ ಹೋಯಿತು, ಇನ್ನೊಂದು ಅರ್ಧ ಉಳಿಯಿತು. ಕೆಲಸ ಹೋಗಲಿಲ್ಲ. ಆದರೆ ಊರಿನ ಬಾಯಲ್ಲಿ ಅವನು 'ಮೀನಮಾಸ್ತರ' ಆದ. ಸಾಯುವವರೆಗೂ ಅದೇ ಹೆಸರು. ಇದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಸುಳ್ಳು ಕೂಗು ಕೂಗಿದ ಆ ಮುಕಾದಮನಿಗೆ ಊರು ಒಂದು ಅಡ್ಡಹೆಸರನ್ನೂ ಇಡಲಿಲ್ಲ. ಅವನ ಮುಖ ಯಾರಿಗೂ ನೆನಪಿಲ್ಲ. ನೆನಪಿದ್ದದ್ದು ಲಿಂಗ ಕಟ್ಟಿದ ಮನುಷ್ಯ ಗಾಳ ಹಿಡಿದದ್ದು. ಮದುವೆ ಮುಂಜಿಗಳಲ್ಲಿ ನನ್ನನ್ನು ಪರಿಚಯಿಸುವವರು, "ಇಂವಾ ನಮ್ಮ ಮೀನಮಾಸ್ತರನ ಅಣ್ಣನ ಮಗಾ" ಎಂದು ನಕ್ಕರೆ, ಊಟದ ಪಂಕ್ತಿ ಕೆಡಬಾರದೆಂದು ನಾನೂ ಹಲ್ಲು ಬಿಟ್ಟಿದ್ದೇನೆ.

ಇನ್ನೊಂದು ಹಾಳಾದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಮುಂದಿನ ಬೇಸಿಗೆ ಇನ್ನೊಂದು ಹೊಲದಲ್ಲಿ ಬಾವಿ ತೋಡುವಾಗ ಕೂಗು ಬಂತು. ಪ್ರಾಮಾಣಿಕವಾದ ಕೂಗು. ಹೊಳೆಯಲ್ಲಿ ಅರಿವೆ ಒಗೆಯುತ್ತಿದ್ದ ಹೆಂಗಸರು ಕೊಡ ಎತ್ತಿಕೊಂಡು ನಿಂತರು. ಮುಳುಗಬೇಕೋ, ಮೇಲೆ ಓಡಬೇಕೋ ಗೊತ್ತಾಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತ, ಮೊಣಕಾಲು ನೀರಿನಲ್ಲಿ, ಬಯಲಲ್ಲಿ ನಿಂತೇ ಇದ್ದರು. ಕಲ್ಲುಗಳು ಅವರ ಸುತ್ತ ಬಿದ್ದವು. ಯಾರಿಗೂ ತಾಗಲಿಲ್ಲ. ನಾನು ದಂಡೆಯ ಮೇಲಿದ್ದೆ, ಏನೆಂದು ಕೂಗಬೇಕೆಂದು ನನಗೂ ತಿಳಿಯಲಿಲ್ಲ.

"ಅಜ್ಜಾರ, ಬೂಟ ಹಾಕ್ಕೊಂಡು ನೋಡ್ರಿ" ಎಂದ ಅಂಗಡಿಯವನು.

"ನಿಮ್ಮ ಕಡೆ ತ್ವಾಟಾ ಒಗಿಯೂ ಮುಂದ ಕೂಗ್ತಾರೇನು?" ಎಂದು ಕೇಳಿದೆ.

"ಏನಂದ್ರಿ?"

ನಾನು ಹೇಳತೊಡಗಿದೆ. ಮಡು, ಕೂಗು, ಹಲಗೆ, ಎರಡು ಕಿವಿ. ಸಾವಕಾಶವಾಗಿಯೇ ಶುರು ಮಾಡಿದ್ದೆ. ಎಲ್ಲಿ ದನಿ ಏರಿತೋ ತಿಳಿಯಲಿಲ್ಲ. ಕ್ರಿಕೆಟ್ ಬ್ಯಾಟು ನೋಡುತ್ತಿದ್ದವರು ತಿರುಗಿದರು. ಹೊರಗೆ ಹೋಗುತ್ತಿದ್ದ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಳು. ಅಂಗಡಿಯವನ ನಗು ಮುಖದಿಂದ ಇಳಿದಿತ್ತು. ಅವನು ಮೆಲ್ಲಗೆ, ನಿಜವಾದ ಕಾಳಜಿಯಿಂದಲೇ ಹೇಳಿದ:

"ಅಜ್ಜಾರ, ಸಾವಕಾಶ ಮಾತಾಡ್ರಿ. ಎಲ್ಲಾರೂ ಕೇಳಾಕತ್ತಾರ."

"ಕೇಳ್ಲಿ" ಎಂದೆ. "ನಮ್ಮ ಕಾಕಾ ಮೀನಾ ಹಿಡೀತಿದ್ದ. ಗಾಳದಿಂದ ಹಿಡೀತಿದ್ದ."